ಅಡಿಕೆ ದುಡ್ಡು ಮತ್ತು 12% ಬಾಂಡ್

ಬ್ಯಾಂಕ್ ಠೇವಣಿ ಬಿಟ್ಟು ಜಾಸ್ತಿ ಬಡ್ಡಿಯ ಕಂಪನಿ ಬಾಂಡ್ (ಅಂದರೆ ಕಂಪನಿಗೆ ನಾವು ಕೊಡುವ ಸಾಲದ ಪತ್ರ) ಕೊಳ್ಳಿ ಎಂದು ಬರೆದಿದ್ದೀರಿ. ಶಿರಸಿಯಲ್ಲಿ ನಮ್ಮಂಥ ಅಡಿಕೆ ಬೆಳೆಗಾರರಿಗೆ ವರ್ಷದ ದುಡ್ಡು ಒಟ್ಟಿಗೇ ಬರುತ್ತದೆ, 12% ಎಂದರೆ ಆಸೆಯಾಗುತ್ತದೆ. ಆದರೆ ಅದು ಸುಮ್ನೆ ಸಿಗುವುದಿಲ್ಲ, ಅಲ್ವಾ? ಕಡಿಮೆ ಬಡ್ಡಿಗೆ ಸಾಲ ಹುಟ್ಟದ ಕಂಪನಿಯೇ ಅಷ್ಟು ಕೊಡುವುದು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ವಿಮೆ ಇದೆ. ಬಾಂಡಿಗೆ ಅದೂ ಇಲ್ಲ.

ಕಂಪನಿ ಸಾಲ ತೀರಿಸೀತೇ ಎಂದು ಏಜೆನ್ಸಿಗಳು ಕೊಡುವ ರೇಟಿಂಗ್ ಒಂದನ್ನೇ ನಂಬಬೇಡಿ. ಮೂಲಸೌಕರ್ಯಕ್ಕೆ ಸಾಲ ಕೊಡುವ ಐಎಲ್ ಆಂಡ್ ಎಫ್‌ಎಸ್ ಕಂಪನಿಗೆ 2018ರ ಮಧ್ಯದವರೆಗೂ ಎಲ್ಲಕ್ಕಿಂತ ಮೇಲಿನ 'ಎಎಎ' ಇತ್ತು, ಸೆಪ್ಟೆಂಬರ್‌ನಲ್ಲಿ ಸಾಲ ಕಟ್ಟಲಾಗದವರ 'ಡಿ'ಗೆ ಬಿತ್ತು.

ನಡುವೆ ಮಾರಲು ಹೋದರೆ ಕೊಳ್ಳುವವರೂ ಸಿಗದೇ ಇರಬಹುದು. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ, ಮರ ಹತ್ತುವ ಕೊನೆಗೌಡರ ಕೂಲಿಗೆ ಅಂದೇ ಕಾಸು ಬೇಕು. ಆಗ ಬಾಂಡ್ ಇಟ್ಟುಕೊಂಡು ಏನು ಮಾಡೋಣ? ಮಗಳ ಓದಿನ ದುಡ್ಡನ್ನು ನಾನು ಠೇವಣಿಯಲ್ಲೇ ಬಿಟ್ಟಿದ್ದೇನೆ.