ಆಕಾಶವೇನೋ ಕೆಂಪಗಿತ್ತು, ಭಯ ಎಲ್ಲಿ ಸ್ವಾಮಿ?

ನಿನ್ನೆ ರಾತ್ರಿ ಜಯನಗರದಲ್ಲಿ ಜೋರು ಮಳೆ. ಎಂಟಕ್ಕೆ ಹೋದ ಕರೆಂಟು ಹತ್ತಕ್ಕೆ ಬಂತು. ಇಂಥ ರಾತ್ರಿಗೇ ಹೇಳಿ ಮಾಡಿಸಿದ ಸಿನಿಮಾ ಅಂದುಕೊಂಡು ‘ಫ್ರಮ್ ಹೆಲ್’ ಹಾಕಿ ಕೂತೆ. 2001ರದ್ದು, ಲಂಡನ್ನಿನಲ್ಲಿ ಐವರು ಹೆಂಗಸರನ್ನು ಕೊಂದು ಕೊನೆಗೂ ಸಿಕ್ಕಿಬೀಳದ ‘ಜ್ಯಾಕ್ ದ ರಿಪ್ಪರ್’ ಕಥೆ, ಹ್ಯೂಸ್ ಅವಳಿ ಸೋದರರ ನಿರ್ದೇಶನ, ಜಾನಿ ಡೆಪ್ ಇನ್‌ಸ್ಪೆಕ್ಟರ್. ಮಧ್ಯದಲ್ಲಿ ಎದ್ದು ಹೋಗಿ ಪಾತ್ರೆ ತೊಳೆದು ಬಂದೆ, ಸಿನಿಮಾ ನಿಲ್ಲಿಸಲೂ ಇಲ್ಲ. ಅಷ್ಟು ಹೇಳಿದರೆ ಸಾಕಲ್ವಾ?

ಸಾಕಾಗಲ್ಲ, ಯಾಕಂದ್ರೆ ನೋಡೋಕೆ ಇದು ಅಷ್ಟು ಚೆಂದ ಇದೆ. 1888ರ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯನ್ನು ಪ್ರಾಗ್ ಹತ್ತಿರ ಸೆಟ್ ಹಾಕಿ ಕಟ್ಟಿದ್ದಾರೆ. ರಕ್ತದ ಬಣ್ಣದ ಆಕಾಶ, ಅದರ ಕೆಳಗೆ ಕಪ್ಪು ಹೊಗೆಗೂಡುಗಳು, ಗ್ಯಾಸ್ ದೀಪಕ್ಕೆ ಹೊಳೆಯುವ ಒದ್ದೆ ಕಲ್ಲುಹಾಸು. ಯಾವ ಫ್ರೇಮ್ ಬೇಕಾದರೂ ನಿಲ್ಲಿಸಿ ಗೋಡೆಗೆ ಹಾಕಿಕೊಳ್ಳಬಹುದು. ನೀರು ಕುಡಿಯೋಕೆ ಎದ್ದು ಬಂದ ಅಮ್ಮ ಒಂದು ನಿಮಿಷ ನಿಂತು ನೋಡಿ, “ಎಷ್ಟು ಚೆನ್ನಾಗಿದೆಯೋ, ಯಾವ ಊರು?” ಅಂದರು. ಕೊಲೆ ನಡೀತಾ ಇದೆ ಅಮ್ಮ, ಅಂದೆ. “ಹೌದಾ” ಅಂತ ಹೋಗಿ ಮಲಗಿಬಿಟ್ಟರು.

ತಮಾಷೆ ಅಂದರೆ, ಇದೇ ಅಮ್ಮ ತೊಂಬತ್ತರ ದಶಕದಲ್ಲಿ ನಮ್ಮ ವಠಾರದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದವರು. ಬೆಂಗಳೂರಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ ಅನ್ನೋ ನಂಬಿಕೆ. ಆ ದೆವ್ವ ಯಾರು, ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಲಿಲ್ಲ. ನಮ್ಮನೆಯವರ ದನಿಯಲ್ಲೇ ಕರೆಯುತ್ತದಂತೆ, ಅಷ್ಟಕ್ಕೇ ನಿದ್ದೆ ಬರುತ್ತಿರಲಿಲ್ಲ.

ಸಿನಿಮಾ ಎಡವಿದ್ದು ಇಲ್ಲೇ. ಇದರ ಮೂಲ ಅಲನ್ ಮೂರ್ ಬರೆದು ಎಡ್ಡಿ ಕ್ಯಾಂಬೆಲ್ ಚಿತ್ರ ಬರೆದ ಕಾಮಿಕ್ಸ್, 1989ರಿಂದ ಕಂತುಕಂತಾಗಿ ಬಂದದ್ದು. ಚರ್ಚ್ ಸ್ಟ್ರೀಟಿನಲ್ಲಿ ಹಳೇ ಪುಸ್ತಕದ ರಾಶಿಯಲ್ಲಿ ನನಗೆ ಸಿಕ್ಕಿತ್ತು, ಇಟ್ಟಿಗೆಯಷ್ಟು ಭಾರ. ಬಣ್ಣವೇ ಇಲ್ಲ. ಪೆನ್ನಿನಲ್ಲಿ ಪರಪರ ಗೀಚಿದಂಥ ಕಪ್ಪು ಗೆರೆಗಳು, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೇನೋ ಅನ್ನಿಸುತ್ತದೆ. ಕೊಲೆಗಾರ ಯಾರು ಅನ್ನುವುದನ್ನು ಅದು ಶುರುವಿನಲ್ಲೇ ಹೇಳಿಬಿಡುತ್ತದೆ (ಇಷ್ಟು ವರ್ಷದ ಮೇಲೆ ಸ್ಪಾಯ್ಲರ್ ಅಂತ ಬೈಯಬೇಡಿ): ರಾಣಿಯ ವೈದ್ಯ ವಿಲಿಯಂ ಗಲ್. ಆಮೇಲೆ ಒಂದಿಡೀ ಅಧ್ಯಾಯ ಅವನು ಕುದುರೆಗಾಡಿಯಲ್ಲಿ ಲಂಡನ್ನಿನ ಹಳೇ ಚರ್ಚುಗಳನ್ನು ಸುತ್ತುತ್ತಾ ಗಾಡಿಯವನಿಗೆ ಉಪನ್ಯಾಸ ಕೊಡುತ್ತಾನೆ, ಏನೂ ಆಗಲ್ಲ, ಬರೀ ಮಾತು, ಆದರೆ ಓದುವ ನಾವು ಆ ಗಾಡಿಯಲ್ಲಿ ಅವನ ಪಕ್ಕ ಕೂತಿರುತ್ತೇವೆ, ಇಳಿಯೋಕೆ ದಾರಿಯಿಲ್ಲ. ಸಿನಿಮಾ ಇದನ್ನೆಲ್ಲ ಎತ್ತಿ ಬಿಸಾಕಿ, ಟೋಪಿ, ಕೈಗವಸು, ಚಾಕು ತೋರಿಸಿ ‘ಯಾರಿರಬಹುದು ಹೇಳಿ’ ಅನ್ನುವ ಪತ್ತೇದಾರಿ ಆಟ ಆಡುತ್ತದೆ. ಗಲ್ ಪಾತ್ರಕ್ಕೆ ಇಯಾನ್ ಹೋಮ್ ಅಂಥ ನಟನನ್ನು ಕರೆಸಿ ಕೊನೆವರೆಗೂ ಮುಚ್ಚಿಡೋದಾ?

ನಿಜವಾದ ಗಲ್‌ಗೆ 1888ರಲ್ಲಿ 71 ವರ್ಷ, ಹಿಂದಿನ ವರ್ಷವಷ್ಟೇ ಪಾರ್ಶ್ವವಾಯು ಹೊಡೆದಿತ್ತು. ಅವನೇ ಕೊಂದ ಅನ್ನುವುದು ಕಟ್ಟುಕಥೆ, ಮೂರ್‌ಗೂ ಅದು ಗೊತ್ತಿತ್ತು. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಇನ್‌ಸ್ಪೆಕ್ಟರ್ ಆಬರ್ಲೈನ್ ಬಗ್ಗೆ. ಅಸಲಿ ಮನುಷ್ಯ ಪೊಲೀಸ್ ಸೇರುವ ಮೊದಲು ಗಡಿಯಾರದ ಕೆಲಸ ಮಾಡಿದವನು, ಈ ಕೇಸು ಬಂದಾಗ 45 ವರ್ಷದ ಸಂಸಾರಸ್ಥ, ರಿಟೈರಾಗಿ 1929ರವರೆಗೂ ಬದುಕಿದ್ದ. ಸಿನಿಮಾದಲ್ಲಿ ಅವನೊಬ್ಬ ಅಫೀಮು ಸೇದಿಕೊಂಡು ಕನಸಲ್ಲಿ ಕೊಲೆ ಕಾಣುವ ಚೆಲುವ. ಸ್ನಾನದ ತೊಟ್ಟಿಯಲ್ಲಿ ಮಲಗಿ ಅಬ್ಸಿಂತ್ ಅನ್ನೋ ಮದ್ಯಕ್ಕೆ ಉರಿಯುವ ಸಕ್ಕರೆ ಹಾಕುತ್ತಾನೆ, ಸುಂದರವಾದ ದೃಶ್ಯ ಅದು, ಆದರೆ ತನಿಖೆ ಯಾವಾಗಪ್ಪಾ ಮಾಡ್ತೀಯ?

ಆ ಹೆಂಗಸರನ್ನಾದರೂ ಸರಿಯಾಗಿ ತೋರಿಸಿದ್ದರೆ ಸುಮ್ನಿರುತ್ತಿದ್ದೆ. ಸತ್ತ ಐವರಲ್ಲಿ ನಾಲ್ವರು ನಲವತ್ತು ದಾಟಿದವರು. ರಾತ್ರಿ ಮಲಗೋಕೆ ನಾಲ್ಕು ಪೆನ್ನಿ ಇಲ್ಲ ಅಂತ ಬೀದಿಯಲ್ಲಿದ್ದವಳು ಮೊದಲು ಸತ್ತ ಮೇರಿ ಆ್ಯನ್ ನಿಕೋಲ್ಸ್. ಅವರಲ್ಲೊಬ್ಬಳ ಪಾತ್ರ ಮಾಡಿರುವ ಹೆದರ್ ಗ್ರಹಾಂ ಮಾತ್ರ ಆ ಕೊಚ್ಚೆಯಲ್ಲೂ ಈಗಷ್ಟೇ ತಲೆಸ್ನಾನ ಮಾಡಿ ಬಂದ ಹಾಗಿದ್ದಾಳೆ.

ನೋಡಲೇಬೇಡಿ ಅನ್ನಲ್ಲ. ಸೌಂಡ್ ಮ್ಯೂಟ್ ಮಾಡಿಕೊಂಡು ನೋಡಿ, ಜಾಸ್ತಿ ಚೆನ್ನಾಗಿರುತ್ತದೆ. ಪುಸ್ತಕ ಬೇಕಾದವರು ಕೇಳಿ, ಕೊಡುತ್ತೇನೆ. ಹೋದ ಸಲ ತಗೊಂಡು ಹೋಗಿ ಎರಡು ವರ್ಷ ಇಟ್ಟುಕೊಂಡ ಮಹಾನುಭಾವ ಕೇಳಿದರೆ ಮಾತ್ರ, ನಾಳೆ ಬಾ.