ಬಣ್ಣದ ಮೀನಿನ ಅಂಗಡಿಯಲ್ಲಿ

ಅಡುಗೆಗೆ ಮೀನು ಕೊಳ್ಳುವವರ ಕಣ್ಣು ಬಲು ಚುರುಕು. ಕಿವಿರು ಎತ್ತಿ ಕೆಂಪಗಿದೆಯೇ ನೋಡುತ್ತಾರೆ, ಕಣ್ಣು ಗುಳಿ ಬಿದ್ದಿದೆಯೇ ನೋಡುತ್ತಾರೆ, ಹೊಟ್ಟೆಯನ್ನು ಬೆರಳಲ್ಲಿ ಒತ್ತುತ್ತಾರೆ, ಮೂಸುತ್ತಾರೆ, ಆಮೇಲಷ್ಟೇ ಚೌಕಾಸಿಗೆ ಇಳಿಯುತ್ತಾರೆ. ಅದೇ ಮಂದಿ ಅಕ್ವೇರಿಯಂ ಅಂಗಡಿ ಹೊಕ್ಕರೆ ಗಾಜಿಗೆ ಮೂಗು ಒತ್ತಿ ನಿಂತು, "ಆ ನೀಲಿದು ಎರಡು, ಈ ಕೆಂಪುದು ನಾಲ್ಕು ಕೊಡಿ" ಅಂದುಬಿಡುತ್ತಾರೆ. ಸಂಜೆಯೊಳಗೆ ಬಾಣಲೆಯಲ್ಲಿ ಮುಗಿಯುವ ಮೀನಿಗೆ ಅಷ್ಟೆಲ್ಲ ಪರೀಕ್ಷೆ; ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುವ ಗೋಲ್ಡ್ ಫಿಶ್‌ಗೆ ಅರ್ಧ ನಿಮಿಷವೂ ಇಲ್ಲ.

ಮೂಗಿನ ಕೆಲಸ ಇಲ್ಲೂ ಉಂಟು. ನೆಟ್ಟಗೆ ನಡೆಯುವ ಅಂಗಡಿಯಲ್ಲಿ ಒದ್ದೆ ಮಣ್ಣಿನ, ಸ್ವಲ್ಪ ಪಾಚಿಯ ವಾಸನೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಲ್ಲೋ ಕಲ್ಲು-ಮರಳಿನ ಅಡಿಯಲ್ಲಿ ಗಲೀಜು ತಿಂಗಳಾನುಗಟ್ಟಲೆ ಕೂತಿದೆ ಎಂದರ್ಥ. ಘಮಘಮ ಎನ್ನುವ ಅಂಗಡಿಯ ಮೇಲೂ ನನಗೆ ಅನುಮಾನವೇ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುವ ಯಂತ್ರ. ರೂಮಿಗೆ ಹೊಡೆದ ಸ್ಪ್ರೇಯಾಗಲಿ, ಸೊಳ್ಳೆಯ ಔಷಧಿಯಾಗಲಿ, ನೇರ ಮೀನಿನ ಕಿವಿರಿಗೇ ಹೋಗುತ್ತದೆ.

ಸತ್ತ ಮೀನು ಕಂಡ ಕೂಡಲೇ ಅಂಗಡಿಯೇ ಕೆಟ್ಟದ್ದು ಎಂದು ತಿರುಗಿ ಬರುವವರಿದ್ದಾರೆ. ಅದು ಸ್ವಲ್ಪ ಅವಸರ. ಸಾವಿರಾರು ಮೀನು ಇಟ್ಟುಕೊಂಡವನ ಬಳಿ ದಿನಕ್ಕೆ ಕೆಲವು ಸಾಯುವುದು ಸಹಜ. ನೋಡಬೇಕಾದದ್ದು ಹೆಣ ಎಷ್ಟು ಹಳೆಯದು ಎಂಬುದನ್ನು. ಮೈಯಿನ್ನೂ ಹೊಳೆಯುತ್ತಿದ್ದರೆ ಬೆಳಗಿನ ಸಾವು, ತೆಗೆಯಲು ಕೈ ಬಿಡುವಾಗಿಲ್ಲ, ಇರಲಿ. ಕಣ್ಣು ಬೆಳ್ಳಗಾಗಿ, ಮೈಮೇಲೆ ಹತ್ತಿಯಂಥ ಬೂಜು ಬೆಳೆದು, ಉಳಿದ ಮೀನು ಅದನ್ನೇ ಕುಕ್ಕುತ್ತಿದ್ದರೆ, ನಿನ್ನೆಯಿಂದ ಆ ಟ್ಯಾಂಕಿನ ಕಡೆ ಯಾರೂ ತಲೆ ಹಾಕಿಲ್ಲ. ಒಂದೇ ಟ್ಯಾಂಕಿನಲ್ಲಿ ಮೂರು-ನಾಲ್ಕು ಹೆಣ ಇದ್ದರೆ ಅಲ್ಲಿ ಏನೋ ಹರಡುತ್ತಿದೆ. ಅದರ ಅಕ್ಕಪಕ್ಕದ ಟ್ಯಾಂಕಿನಿಂದಲೂ ಕೊಳ್ಳಬೇಡಿ.

ಅಕ್ಕಪಕ್ಕದ ಮಾತು ಬಂದದ್ದಕ್ಕೆ ಕಾರಣವಿದೆ. ಟ್ಯಾಂಕಿನ ಹಿಂದೆ ಬಗ್ಗಿ ನೋಡಿ. ಪ್ರತಿಯೊಂದಕ್ಕೂ ಬೇರೆ ಬೇರೆ ಸ್ಪಂಜ್ ಫಿಲ್ಟರ್ ಇದ್ದರೆ ಪ್ರತಿ ಟ್ಯಾಂಕಿನ ನೀರೂ ಬೇರೆ. ಒಂದೇ ದಪ್ಪ ಪೈಪು ಸಾಲು ಸಾಲಾಗಿ ಎಲ್ಲಕ್ಕೂ ಹೋಗಿ, ಎಲ್ಲದರ ನೀರೂ ಕೆಳಗಿನ ಒಂದೇ ತೊಟ್ಟಿಗೆ ಇಳಿಯುತ್ತಿದ್ದರೆ, ನೋಡಲು ಐವತ್ತು ಟ್ಯಾಂಕ್, ಲೆಕ್ಕಕ್ಕೆ ಒಂದೇ. ಈ ಕೂಡು ವ್ಯವಸ್ಥೆ ಕೆಟ್ಟದ್ದೇನಲ್ಲ. ನೀರು ಹೆಚ್ಚಿದ್ದಷ್ಟೂ ಉಷ್ಣತೆಯಾಗಲಿ, ಮೀನಿನ ಹಿಕ್ಕೆಯಿಂದ ಹುಟ್ಟುವ ವಿಷವಾದ ಅಮೋನಿಯಾ ಆಗಲಿ ತಟ್ಟನೆ ಏರುಪೇರಾಗುವುದಿಲ್ಲ. ಆದರೆ ಮೂಲೆಯ ಒಂದು ಟ್ಯಾಂಕಿನ ರೋಗ ಎಲ್ಲರ ಮನೆಯ ರೋಗ. ಅದಕ್ಕೇ ತಿಳಿದವರು ನೀರಿನ ದಾರಿಯಲ್ಲಿ ರೋಗಾಣು ಕೊಲ್ಲುವ ಯುವಿ (ನೇರಳಾತೀತ) ದೀಪ ಹಾಕಿರುತ್ತಾರೆ. ಅದೂ ತನ್ನ ಮುಂದೆ ಹರಿದುಹೋದ ನೀರನ್ನಷ್ಟೇ ಶುದ್ಧ ಮಾಡುತ್ತದೆ. ಮೀನಿನ ಮೈಗೆ ಕಚ್ಚಿಕೊಂಡಿರುವ ಜೀವಿಯನ್ನು ಏನೂ ಮಾಡದು. ಇನ್ನು ಬಲೆ. ಟ್ಯಾಂಕು ಎಷ್ಟೇ ಬೇರೆ ಬೇರೆ ಇರಲಿ, ಒಂದೇ ಒದ್ದೆ ಬಲೆ ಎಲ್ಲದರಲ್ಲೂ ಮುಳುಗಿ ಏಳುತ್ತಿದ್ದರೆ ಮೇಲಿನ ಏರ್ಪಾಡೆಲ್ಲ ದಂಡ. ಬಲೆಯನ್ನು ರೋಗಾಣು ಕೊಲ್ಲುವ ಪರ್ಮಾಂಗನೇಟ್ ನೀರಿನ ಬಕೆಟ್ಟಿನಲ್ಲಿ ಅದ್ದಿಡುವ, ಅಥವಾ ಟ್ಯಾಂಕಿಗೊಂದು ಬಲೆ ನೇತುಹಾಕಿರುವ ಅಂಗಡಿ ಕಂಡರೆ ಅರ್ಧ ಭರವಸೆ ಅಲ್ಲೇ ಹುಟ್ಟುತ್ತದೆ.

ಅಡಿಯಲ್ಲಿ ಕಲ್ಲು, ಗಿಡ, ಮುರಿದ ಕೋಟೆ ಏನೂ ಇಲ್ಲದ ಬೋಳು ಟ್ಯಾಂಕ್ ನೋಡಿ ಮುಖ ಸಿಂಡರಿಸಬೇಡಿ. ಮಾರಾಟದ ಟ್ಯಾಂಕಿಗೆ ಬೋಳೇ ಲೇಸು. ಹಿಕ್ಕೆ ಕಾಣುತ್ತದೆ, ಪೈಪಿನಲ್ಲಿ ಎಳೆದು ತೆಗೆಯಬಹುದು, ರೋಗದ ಮೀನಿಗೆ ಅಡಗಲು ಜಾಗವಿಲ್ಲ. ಕಿಕ್ಕಿರಿದು ಮೀನು ತುಂಬಿದ್ದರೂ ಅಷ್ಟೇ. ದಿನವೂ ನೀರು ಬದಲಿಸುವ ಅಂಗಡಿಯವನಿಗೆ ಅದು ಸಾಗುತ್ತದೆ. ಅದನ್ನು ನೋಡಿ ಮನೆಯ ಟ್ಯಾಂಕನ್ನೂ ಹಾಗೇ ತುಂಬಿದರೆ ಅದು ಅಂಗಡಿಯವನ ತಪ್ಪಲ್ಲ.

ಈಗ ಮೀನನ್ನು ನೋಡೋಣ. ಒಂದು ಟ್ಯಾಂಕಿನ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು; ಮೊದಲ ನಿಮಿಷ ಮೀನು ನಿಮ್ಮನ್ನು ನೋಡುತ್ತದೆ, ನೀವು ಅದನ್ನು ನೋಡುವುದು ಆಮೇಲೆ. ರೆಕ್ಕೆ ಬಿಚ್ಚಿಕೊಂಡಿದೆಯೇ, ಮೈಗೆ ಅಂಟಿಸಿಕೊಂಡಿದೆಯೇ? ಅಂಟಿಸಿಕೊಂಡ ಮೀನಿಗೆ ಹುಷಾರಿಲ್ಲ. ಹೀಟರಿಗೋ ಪೈಪಿಗೋ ಮೈ ಉಜ್ಜುತ್ತಿದೆಯೇ? ತುರಿಕೆ, ಪರಾವಲಂಬಿ ಇದೆ. ಬೆನ್ನು ಕತ್ತಿಯಂತೆ ಚೂಪಾಗಿ ಹೊಟ್ಟೆ ಒಳಗೆ ಹೋಗಿದ್ದರೆ ಎಷ್ಟೋ ದಿನದ ಉಪವಾಸ, ಇಲ್ಲವೇ ಕರುಳಲ್ಲಿ ಹುಳ. ಗಪ್ಪಿ, ಮೋಲಿಗಳ ಗುದದಲ್ಲಿ ಕೆಂಪು ದಾರದ ತುದಿಯಂಥದ್ದು ಇಣುಕುತ್ತಿದ್ದರೆ ಅದು ಕಮಲಾನಸ್ ಹುಳ. ಆ ಟ್ಯಾಂಕಿಗೆ ಕೈಮುಗಿದು ಮುಂದೆ ನಡೆಯಿರಿ. ಹುರುಪೆಗಳು ನಿಮಿರಿ ನಿಂತು ಹೊಟ್ಟೆ ಊದಿದ್ದರೆ ಆ ಮೀನು ಉಳಿಯುವುದು ಅಪರೂಪ. ನಿಯಾನ್ ಟೆಟ್ರಾದ ಮೈಮೇಲೆ ಬಣ್ಣ ತೇಪೆ ತೇಪೆಯಾಗಿ ಮಾಸಿ, ಅದು ಗುಂಪು ಬಿಟ್ಟು ಒಂಟಿಯಾಗಿ ಈಜುತ್ತಿದ್ದರೂ ಹಾಗೆಯೇ.

ನೀರಿನ ಮೇಲ್ಗಡೆ ಬಾಯಿ ಬಿಡುವುದನ್ನು ಮಾತ್ರ ಜಾತಿ ನೋಡಿ ಅಳೆಯಬೇಕು. ಬೆಟ್ಟಾ, ಗೌರಾಮಿಗಳು ಹೊರಗಿನ ಗಾಳಿಯನ್ನೇ ಉಸಿರಾಡುವಂಥವು. ತಳದಲ್ಲಿ ಓಡಾಡುವ ಪುಟ್ಟ ಮೀಸೆ ಮೀನು ಕೋರಿಡೋರಸ್ ಆಗಾಗ ಮೇಲಕ್ಕೆ ಚಂಗನೆ ನೆಗೆದು ಒಂದು ಗುಟುಕು ಗಾಳಿ ನುಂಗಿ ಬರುತ್ತದೆ. ಅವಕ್ಕೆ ಅದು ಮಾಮೂಲು. ಇಡೀ ಟೆಟ್ರಾ ಹಿಂಡೋ ಗೋಲ್ಡ್ ಫಿಶ್ ಸಂಸಾರವೋ ಮೇಲೆ ಬಂದು ಬಾಯಿ ಪಿಳಪಿಳ ಮಾಡುತ್ತಿದ್ದರೆ ನೀರಲ್ಲಿ ಆಮ್ಲಜನಕ ಕಡಿಮೆ, ಅಥವಾ ಅಮೋನಿಯಾ ಕಿವಿರನ್ನು ಸುಡುತ್ತಿದೆ, ಇಲ್ಲವೇ ಅದರಿಂದಲೇ ಹುಟ್ಟುವ ನೈಟ್ರೈಟ್ ರಕ್ತಕ್ಕೆ ಆಮ್ಲಜನಕ ಹೊರಲು ಬಿಡುತ್ತಿಲ್ಲ.

ಬಿಳಿಚುಕ್ಕೆ ರೋಗದ ವಿಚಾರದಲ್ಲಿ ಅಂಗಡಿಯವರ ಒಂದು ಮಾತು ಪ್ರಸಿದ್ಧ: "ಅದೇನಿಲ್ಲ ಸರ್, ಎರಡು ಹನಿ ಔಷಧಿ ಹಾಕಿದ್ರೆ ನಾಳೆಗೆ ಹೋಗುತ್ತೆ." ನಾಳೆಗೆ ಹೋಗಲೂಬಹುದು, ಅದೇ ಮೋಸ. ಮೈಮೇಲೆ ಉಪ್ಪಿನ ಹರಳಿನಂತೆ ಕಾಣುವ ಚುಕ್ಕೆ ಚರ್ಮದ ಒಳಗೆ ಕೂತ ಪರಾವಲಂಬಿ; ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಅದು ಬಲಿತು ತಾನಾಗಿ ಉದುರಿ ತಳ ಸೇರಿ, ಒಡೆದು ನೂರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಹೀಗೆ ಈಜುತ್ತ ಮೀನು ಹುಡುಕುವ ಹೊತ್ತಿನಲ್ಲಷ್ಟೇ ಔಷಧಿ ಅವನ್ನು ಕೊಲ್ಲುವುದು. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ವಾರ ಬೇಕು, ತಣ್ಣಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಚುಕ್ಕೆ ಮಾಯವಾದ ದಿನವೇ ಔಷಧಿ ನಿಲ್ಲಿಸಿ ಮಾರಲು ತೊಡಗುವವನು, ರೋಗದ ಎರಡನೇ ಕಂತನ್ನು ನಿಮ್ಮ ಮನೆಗೆ ಕಳಿಸುತ್ತಿದ್ದಾನೆ. ನೀರು ನೀಲಿಯೋ ಹಳದಿಯೋ ಬಣ್ಣಕ್ಕೆ ತಿರುಗಿರುವ ಟ್ಯಾಂಕ್ ಕಂಡರೆ ಅಲ್ಲಿ ಮೆಥಿಲಿನ್ ಬ್ಲೂ ಅಥವಾ ಆಕ್ರಿಫ್ಲೇವಿನ್ ಚಿಕಿತ್ಸೆ ನಡೆದಿದೆ. ಅದರ ಮೇಲೆ "ಮಾರಾಟಕ್ಕಿಲ್ಲ" ಎಂಬ ಚೀಟಿ ಇದ್ದರೆ ಆ ಅಂಗಡಿಗೆ ಒಂದು ನಮಸ್ಕಾರ. ಅದೇ ಟ್ಯಾಂಕಿಗೆ ಬಲೆ ಇಳಿಯುತ್ತಿದ್ದರೆ ಚಪ್ಪಲಿ ಮೆಟ್ಟಿಕೊಳ್ಳಿ.

ಬಣ್ಣ ಇನ್ನೊಂದು ಮಾಯೆ. ಕೆಂಪು ದೀಪದಡಿ ಪ್ಯಾರಟ್ ಸಿಕ್ಲಿಡ್ ಕೆಂಡದಂತೆ ಉರಿಯುತ್ತದೆ, ಮನೆಯ ಬಿಳಿ ದೀಪದಡಿ ಮಾಸಲು ಕಿತ್ತಳೆ. ಮೊಬೈಲಿನ ಟಾರ್ಚ್ ಒಂದು ಕ್ಷಣ ಓರೆಯಾಗಿ ಬಿಟ್ಟರೆ ನಿಜ ಬಣ್ಣವೂ ತಿಳಿಯುತ್ತದೆ, ಚಿನ್ನದ ಪುಡಿ ಉದುರಿಸಿದಂತೆ ಕಾಣುವ ವೆಲ್ವೆಟ್ ರೋಗವೂ ಸಿಕ್ಕಿಬೀಳುತ್ತದೆ. ಗಾಜಿನಂತೆ ಪಾರದರ್ಶಕವಾದ ಗ್ಲಾಸ್ ಫಿಶ್‌ನ ಬೆನ್ನಂಚಿನಲ್ಲಿ ಗುಲಾಬಿ, ಹಸಿರು ಗೆರೆ ಕಂಡರೆ ಅದು ಸೂಜಿಯಿಂದ ಚುಚ್ಚಿ ತುಂಬಿದ ಬಣ್ಣ. ಕೆಲವೇ ತಿಂಗಳಲ್ಲಿ ಅದು ಮಾಸುತ್ತದೆ, ಚುಚ್ಚಿದ ಗಾಯದಿಂದ ರೋಗವೂ ಹಿಡಿಯುತ್ತದೆ. ಹೊಳೆಯುವ ಗ್ಲೋಫಿಶ್ ಕತೆ ಬೇರೆ. ಅದರ ಬಣ್ಣ ವಂಶವಾಹಿಯಲ್ಲೇ ಸೇರಿಸಿದ್ದು, ಮರಿಗಳಿಗೂ ಬರುತ್ತದೆ. ಅದು ಸರಿಯೋ ತಪ್ಪೋ ಎಂಬ ವಾದ ಇದ್ದದ್ದೇ, ಸೂಜಿಯ ಕ್ರೌರ್ಯವಂತೂ ಅಲ್ಲಿಲ್ಲ. ಚುಚ್ಚಿದ ಮೀನು ಒಂದೇ ಒಂದು ಟ್ಯಾಂಕಿನಲ್ಲಿ ಕಂಡರೂ ಆ ಅಂಗಡಿಯ ಉಳಿದ ಮಾತುಗಳನ್ನು ನಾನು ನಂಬುವುದಿಲ್ಲ.

ಹೆಸರಿನ ಚೀಟಿಯನ್ನೂ ಓದಬೇಕು. "ಸಕ್ಕರ್" ಎಂದು ಬರೆದು ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ ಐದು ಸೆಂಟಿಮೀಟರಿನ ಪ್ಲೆಕೊ ಮೀನು ಮಾರುವವನು, ಅದು 30 ಸೆಂಟಿಮೀಟರ್ ದಾಟುತ್ತದೆ ಎಂದು ಎಲ್ಲೂ ಬರೆದಿರುವುದಿಲ್ಲ. "ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ" ಎಂಬುದು ಈ ವ್ಯಾಪಾರದ ಅತಿ ಹಳೆಯ ಸುಳ್ಳು. ಸಣ್ಣ ಟ್ಯಾಂಕಿನ ಕೆಟ್ಟ ನೀರಲ್ಲಿ ಮೀನು ಕುಂಠಿತವಾಗುತ್ತದೆ, ಬೇಗ ಸಾಯುತ್ತದೆ, ಅಷ್ಟೇ. ಸಾಮಾನ್ಯ ಹೆಸರಿನ ಜೊತೆ ವೈಜ್ಞಾನಿಕ ಹೆಸರು, ಬೆಳೆಯುವ ಉದ್ದ ಬರೆದಿಡುವ ಅಂಗಡಿಗಳಿವೆ. ಪ್ಲೆಕೊಗಳಿಗಾದರೆ, ವೈಜ್ಞಾನಿಕ ಹೆಸರು ಇನ್ನೂ ಸಿಗದ ಬಗೆಗಳನ್ನು ಗುರುತಿಸಲು 1988ರಲ್ಲಿ ಜರ್ಮನ್ ಅಕ್ವೇರಿಯಂ ಪತ್ರಿಕೆ ಡಾಟ್ಸ್ ಆರಂಭಿಸಿದ ಎಲ್-ಸಂಖ್ಯೆಯನ್ನೂ ಬರೆಯುತ್ತಾರೆ. "ಮಿಕ್ಸ್ ಸಿಕ್ಲಿಡ್" ಎಂಬ ಚೀಟಿಯ ಅರ್ಥ ಮಾತ್ರ ಒಂದೇ: ಏನಿದೆಯೋ ನಮಗೂ ಗೊತ್ತಿಲ್ಲ.

ಇಷ್ಟಾದ ಮೇಲೆ ಮಾಲೀಕ. ಒಳ್ಳೆಯ ಮಾಲೀಕ ಮಾರುವ ಮೊದಲು ಕೇಳುತ್ತಾನೆ: ಟ್ಯಾಂಕ್ ಎಷ್ಟು ಲೀಟರ್, ಇಟ್ಟು ಎಷ್ಟು ದಿನವಾಯಿತು, ಒಳಗೆ ಏನೇನಿದೆ. 60, 30, 30 ಸೆಂಟಿಮೀಟರಿನ ಟ್ಯಾಂಕ್ ಅಂದರೆ ತುಂಬಿದರೆ 54 ಲೀಟರ್ ಎಂದು ಅವನ ತಲೆಯಲ್ಲೇ ಲೆಕ್ಕವಾಗುತ್ತದೆ. "ಇವತ್ತೇ ಇಟ್ಟೆವು" ಎಂದರೆ ಮೀನು ಕೊಡಲು ಒಪ್ಪುವುದಿಲ್ಲ. ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕೆಂದು ಅವನಿಗೆ ಗೊತ್ತು. ಇನ್ನೊಬ್ಬನಿಗೂ ಗೊತ್ತು, ಆದರೆ ಹೇಳುವುದಿಲ್ಲ. ಅವನ ಅಂಗಡಿಯಿಂದ ಟ್ಯಾಂಕ್, ಕಲ್ಲು, ಹನ್ನೆರಡು ಮೀನು ಒಂದೇ ದಿನ ಹೊರಡುತ್ತವೆ. ವಾರದೊಳಗೆ ಗಿರಾಕಿ ಔಷಧಿಗೆ ಬರುತ್ತಾನೆ, ಇನ್ನೊಂದು ವಾರಕ್ಕೆ ಹೊಸ ಮೀನಿಗೆ. ಒಂದೇ ಅಜ್ಞಾನಕ್ಕೆ ಮೂರು ಬಿಲ್ಲು.

ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ನಾಳೆಯೇ ಮೀನು ಬಿಡಬಹುದು ಎನ್ನುವವರೂ ಇದ್ದಾರೆ. ಅದು ಕಾಯುವ ಕಾಲವನ್ನು ಒಂದಿಷ್ಟು ಕಡಿಮೆ ಮಾಡೀತು, ಇಲ್ಲದಂತೆ ಮಾಡದು. ಓಡುತ್ತಿರುವ ಫಿಲ್ಟರಿನ ಸ್ಪಂಜ್ ತುಂಡು ಅದಕ್ಕಿಂತ ಚುರುಕು, ಆದರೆ ಅಂಗಡಿಯ ಸ್ಪಂಜಿನ ಜೊತೆ ಅಂಗಡಿಯ ರೋಗವೂ ಬರುತ್ತದೆ. ಗೆಳೆಯರ ಆರೋಗ್ಯವಂತ ಟ್ಯಾಂಕಿನದ್ದು ಮೇಲು. ನೀರು ಪರೀಕ್ಷೆ ಮಾಡಿಕೊಡುವ ಅಂಗಡಿಯಾದರೆ "ನೀರು ಚೆನ್ನಾಗಿದೆ" ಎಂಬ ಪ್ರಮಾಣಪತ್ರ ಬೇಡ, ಅಂಕಿ ಕೇಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 40 ಪಾಲು) ಒಳಗೆ.

ಹೊಸ ಮಾಲು ಯಾವ ದಿನ ಬರುತ್ತದೆ ಎಂದು ಕೇಳುವುದು ಬಹಳ ಮಂದಿಯ ಅಭ್ಯಾಸ; ಆ ದಿನವೇ ಓಡುತ್ತಾರೆ. ಕೇಳಬೇಕಾದ್ದು ನಿಜ, ಓಡಬಾರದು. ದೂರದಿಂದ ಬಂದ ಚೀಲದೊಳಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯ ಕಡೆಗೆ ವಾಲಿರುತ್ತದೆ. ಆಗ ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ಆಗಿ ತೆಪ್ಪಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹಾರಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷವಾಗುತ್ತದೆ. ಈ ಪೆಟ್ಟು, ಪಯಣದ ಉಪವಾಸ, ಹೊಸ ನೀರು ಎಲ್ಲ ಸೇರಿ ಮೊದಲ ನಾಲ್ಕೈದು ದಿನದಲ್ಲೇ ಹೆಚ್ಚು ಮೀನು ಸಾಯುವುದು. ಆದ್ದರಿಂದ ಮನಸ್ಸಿಗೆ ಹಿಡಿದ ಮೀನಿಗೆ ಮುಂಗಡ ಕೊಟ್ಟು, ವಾರ ಬಿಟ್ಟು ಬರುತ್ತೇನೆ ಎನ್ನಿ. ಒಪ್ಪುವವನಿಗೆ ತನ್ನ ಮೀನಿನ ಮೇಲೆ ನಂಬಿಕೆ ಇದೆ. ಬಂದಾಗ "ಒಂದು ಚಿಟಿಕೆ ಆಹಾರ ಹಾಕಿ ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಡಿಸ್ಕಸ್‌ನಂಥ ಹಟಮಾರಿ ಮೀನು, ಸಮುದ್ರದ ಮೀನು ಕೊಳ್ಳುವಾಗಂತೂ, ತಿನ್ನುವುದನ್ನು ಕಣ್ಣಾರೆ ಕಾಣದೆ ಹಣ ತೆಗೆಯಬಾರದು.

ಹಿಡಿಯುವ ಕೈ ನೋಡಿ. ಎರಡು ಬಲೆ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಅಟ್ಟುವುದು ಅನುಭವಸ್ಥನ ಕೈ. ಟ್ಯಾಂಕಿಡೀ ಕದಡಿ ಅಟ್ಟಾಡಿಸುವುದು ನಿನ್ನೆ ಸೇರಿದ ಹುಡುಗನದ್ದು. ಬಯ್ಯಬೇಡಿ, ಮಾಲೀಕ ಕಲಿಸಿಲ್ಲ. ಕೋರಿಡೋರಸ್, ಪ್ಲೆಕೊಗಳ ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಅವನ್ನು ಡಬ್ಬಿಯಲ್ಲಿ ಹಿಡಿದು ಎರಡು ಚೀಲ ಒಂದರೊಳಗೊಂದು ಹಾಕಿ ಕೊಡಬೇಕು. ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಉಳಿದದ್ದು ಗಾಳಿ; ನೀರು ಹೆಚ್ಚು ಕೊಟ್ಟರೆ ಉದಾರತೆ ಅನ್ನಿಸೀತು, ಮೀನಿಗೆ ಬೇಕಾದದ್ದು ಗಾಳಿಯೇ. ಮನೆಗೆ ಬಂದು ಚೀಲವನ್ನು ಹದಿನೈದು-ಇಪ್ಪತ್ತು ನಿಮಿಷ ತೇಲಿಬಿಟ್ಟು, ನಿಮ್ಮ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ಗಿಡಕ್ಕೆ ಹೋಗಲಿ.

ಮೀನು ಸತ್ತರೆ ಬದಲಿ ಕೊಡುತ್ತೇವೆ ಎನ್ನುವವರಲ್ಲಿ "ಸತ್ತ ಮೀನಿನ ಜೊತೆ ನಿಮ್ಮ ಟ್ಯಾಂಕಿನ ನೀರೂ ತನ್ನಿ" ಎನ್ನುವವನೇ ಗಟ್ಟಿಗ. ಕೊಂಕು ತೆಗೆಯುತ್ತಿದ್ದಾನೆ ಅನ್ನಿಸಬಹುದು. ಸತ್ತದ್ದು ಮೀನಿನ ದೋಷವೋ ನೀರಿನದೋ ಎಂದು ಬೇರೆ ದಾರಿಯಲ್ಲಿ ಅವನಿಗೆ ತಿಳಿಯುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಬೇಕು: "ದೊಡ್ಡದಾದರೆ ವಾಪಸ್ ತಗೋತೀರಾ?" ತಗೊಳ್ಳುತ್ತೇನೆ ಎನ್ನುವವನು ಹಣ ಕೊಡುವುದು ಕಡಿಮೆ, ಹೆಚ್ಚೆಂದರೆ ಒಂದು ಡಬ್ಬಿ ಆಹಾರ ಕೊಟ್ಟಾನು. ಅದು ನ್ಯಾಯವೇ, ಹಿರಿಯ ಪ್ಲೆಕೊ ಒಂದು ಕೂತ ಜಾಗದಲ್ಲಿ ಅವನು ಇಪ್ಪತ್ತು ಟೆಟ್ರಾ ಮಾರಬಹುದಿತ್ತು. ಯಾರೂ ತೆಗೆದುಕೊಳ್ಳದ ಪ್ಲೆಕೊಗಳನ್ನು ಕೆರೆ-ಹೊಳೆಗೆ ಬಿಟ್ಟದ್ದರಿಂದಲೇ ಎಷ್ಟೋ ದೇಶಗಳ ನೀರಿನಲ್ಲಿ ಅವು ದಂಡೆ ಕೊರೆದು ಬಿಲ ಮಾಡಿ ಸಂಸಾರ ಹೂಡಿವೆ. ವಾಪಸ್ ಕೊಡುವವರು ಮೊದಲು ಫೋನಿನಲ್ಲಿ ಉದ್ದ ಹೇಳಿ, ಫೋಟೋ ಕಳಿಸಿ, ಜಾಗ ಇದೆ ಎಂದ ಮೇಲೆ ಹೊರಡಿ. ಒಯ್ಯುವುದು ಮುಚ್ಚಳವಿರುವ ಬಕೆಟ್ಟಿನಲ್ಲಿ. ಬೆಳೆದ ಪ್ಲೆಕೊದ ಮುಳ್ಳಿಗೆ ಪ್ಲಾಸ್ಟಿಕ್ ಚೀಲ ಅರ್ಧ ದಾರಿಯವರೆಗೂ ತಾಳುವುದಿಲ್ಲ.