ಟಿಕೆಟ್‌ಗಿಂತ ಬಾಡಿಗೆ ಕಾರೇ ದುಬಾರಿ

ಫುಟ್‌ಬಾಲ್ ಟಿಕೆಟ್ ದರದ ಬಗ್ಗೆ ಬಂದ ಲೇಖನದ 'ದೊಡ್ಡ ಪಂದ್ಯಕ್ಕೆ ದರ ಏರಿಸಿದರೂ ಜನ ಬಂದೇ ಬರುತ್ತಾರೆ' ಅನ್ನೋ ಮಾತು ಒಪ್ಪಲಾರೆ. 2016ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ತನ್ನ ಸ್ಟೇಡಿಯಂನ ಹೊಸ ಸ್ಟ್ಯಾಂಡಿಗೆ 77 ಪೌಂಡ್ ಟಿಕೆಟ್ ಇಡಲು ಹೊರಟಾಗ ಸಾವಿರಾರು ಅಭಿಮಾನಿಗಳು ಪಂದ್ಯದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಕ್ಲಬ್ ಆ ದರ ಕೈಬಿಟ್ಟಿತು. ಅದೇ ವರ್ಷ ಅಲ್ಲಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್, ಹೊರಗಿನಿಂದ ಬರುವ ಎದುರು ತಂಡದ ಬೆಂಬಲಿಗರ ಟಿಕೆಟ್‌ಗೆ 30 ಪೌಂಡ್ ಮಿತಿ ಹಾಕಿತು. ದರಕ್ಕೆ ಹೆದರಿ ಅಭಿಮಾನಿಗಳು ಬರದಿದ್ದರೆ, ಕೂಗೋರಿಲ್ಲದ ಸ್ಟೇಡಿಯಂ ಟಿವಿಯಲ್ಲೂ ಸಪ್ಪೆ, ಅಲ್ವಾ?

ಹಾಗಂತ ಸುಮ್ನೆ ದರ ಇಳಿಸಿದರೆ ತುಂಬುತ್ತೆ ಅಂತಲೂ ಅಲ್ಲ. ಕಾರವಾರದಿಂದ ಎಫ್‌ಸಿ ಗೋವಾ ಫುಟ್‌ಬಾಲ್ ತಂಡದ ಆಟ ನೋಡಲು ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಹೋಗುವ ನಮಗೆ ಟಿಕೆಟ್ ದೊಡ್ಡ ಖರ್ಚೇ ಅಲ್ಲ. ರಾತ್ರಿ ಪಂದ್ಯ ಮುಗಿದ ಮೇಲೆ ವಾಪಸ್ ಬರಲು ಹುಡುಗರೆಲ್ಲ ಸೇರಿ ಬಾಡಿಗೆ ಕಾರು ಮಾಡಬೇಕು. ಪಂದ್ಯ ಸಂಜೆ ಐದಕ್ಕೇ ಶುರುವಾದರೆ ನಮ್ಮ ಕಡೆಯವರು ಇನ್ನೂ ಜಾಸ್ತಿ ಬರುತ್ತಾರೆ.